ಪಂಪ್‌ಮನೆಯ ಪೆಟ್ಟಿಗೆ ಉತ್ತರ ಕೊಡದಿದ್ದರೆ? ಟೈಮ್‌ಔಟ್ ಹುಡುಕುವ ಕ್ರಮ



ಕಳೆದ ಏಪ್ರಿಲ್‌ನಲ್ಲಿ ನಮ್ಮ ನರ್ಸರಿಯ 40 ಟ್ರೇ ಟೊಮೆಟೊ ಸಸಿಗಳು ಒಂದೇ ಮಧ್ಯಾಹ್ನಕ್ಕೆ ಬಾಡಿಹೋದವು. 98 ಕುಳಿಗಳ ಪ್ರೋಟ್ರೇ, ಅಂದರೆ ಹತ್ತಿರ ಹತ್ತಿರ ನಾಲ್ಕು ಸಾವಿರ ಸಸಿ. ಎಲ್ಲವೂ ಪಕ್ಕದ ತೋಟದ ಅಣ್ಣ ನಾಟಿಗೆಂದು ಹೇಳಿಟ್ಟಿದ್ದವು. ಸ್ಟಾರ್ಟರ್ ಟ್ರಿಪ್ ಆಗಿ ಬೋರ್ ನಿಂತಿತ್ತು, ಟ್ಯಾಂಕ್ ಖಾಲಿಯಾಗಿತ್ತು. ಅವರು ಬಂದು ನೋಡಿ ಕೇಳಿದ್ದು ಒಂದೇ ಮಾತು: "ಏನಮ್ಮಾ, ನಿನ್ನ ಪೆಟ್ಟಿಗೆ ಹೇಳ್ಲಿಲ್ವಾ?"

ಪೆಟ್ಟಿಗೆ ಹೇಳಿತ್ತು, ಆದರೆ ಅರ್ಥವಾಗುವ ಹಾಗೆ ಹೇಳಿರಲಿಲ್ಲ. ಮೂರು ವಾರದಿಂದ ದಿನಕ್ಕೆ ಹತ್ತಾರು ಸಲ 'ಟೈಮ್‌ಔಟ್, 10 ಸೆಕೆಂಡಿನಲ್ಲಿ ಉತ್ತರ ಬಂದಿಲ್ಲ' ಅಂತ ಮೆಸೇಜ್ ಬರುತ್ತಿತ್ತು. ನೋಡಿದರೆ ತೋಟದಲ್ಲಿ ಎಲ್ಲಾ ಸರಿ ಇರುತ್ತಿತ್ತು. ಬೇಸತ್ತು ಫೋನಿನ ಸದ್ದು ನಿಲ್ಲಿಸಿದ್ದೆ. ಆ ದಿನವೂ ಬಂದದ್ದು ಅದೇ ಮೆಸೇಜ್. ಸುಳ್ಳು ಗಂಟೆ ಹೊಡೆಯುವ ಯಂತ್ರ, ಯಂತ್ರವೇ ಇಲ್ಲದ್ದಕ್ಕಿಂತ ಕೆಟ್ಟದ್ದು ಅಂತ ಅವತ್ತು ಗೊತ್ತಾಯ್ತು.

ನಮ್ಮ ವ್ಯವಸ್ಥೆ ಹೀಗಿದೆ. ಪಂಪ್‌ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ, ಜೊತೆಗೆ ಸಿಮ್ ಹಾಕಿದ ರೌಟರ್. ಪೈ ಟ್ಯಾಂಕಿನ ಮಟ್ಟವನ್ನೂ ಕಾಂಪೋಸ್ಟ್ ರಾಶಿಗಳ ಬಿಸಿಯನ್ನೂ ಅಳೆಯುತ್ತದೆ. ದೂರದ ಬಾಡಿಗೆ ಸರ್ವರ್‌ನಲ್ಲಿ ನಾಗಿಯೋಸ್ ಇದೆ. ಅದು ಐದು ನಿಮಿಷಕ್ಕೊಮ್ಮೆ ಎನ್‌ಆರ್‌ಪಿಇ ಮೂಲಕ 'ಹೇಗಿದ್ದೀಯ' ಅಂತ ಕೇಳುತ್ತದೆ. 10 ಸೆಕೆಂಡಿನೊಳಗೆ ಉತ್ತರ ಬರದಿದ್ದರೆ ಟೈಮ್‌ಔಟ್.

ಮೊದಲು ಮೆಸೇಜ್ ಸರಿಯಾಗಿ ಓದಿ

'ಕನೆಕ್ಷನ್ ರಿಫ್ಯೂಸ್ಡ್' ಅಂತ ಬಂದರೆ ಸಾಮಾನ್ಯವಾಗಿ ಪೆಟ್ಟಿಗೆ ಬದುಕಿದೆ, ಅದರೊಳಗೆ ಉತ್ತರ ಕೊಡುವ ಪ್ರೋಗ್ರಾಂ ಮಾತ್ರ ನಿಂತಿದೆ ಎಂದರ್ಥ. 'ಟೈಮ್‌ಔಟ್' ಹಾಗಲ್ಲ. ಕೇಳಿದ್ದು ತಲುಪಿಲ್ಲದಿರಬಹುದು, ಉತ್ತರ ದಾರಿಯಲ್ಲಿ ಕಳೆದಿರಬಹುದು, ಇಲ್ಲವೇ ತಡವಾಗಿರಬಹುದು. ಟ್ಯಾಂಕ್ ತುಂಬಿದೆಯೋ ಖಾಲಿಯೋ ಎಂಬುದನ್ನು ಅದು ಹೇಳುವುದೇ ಇಲ್ಲ. ಗಿಡದ ಎಲೆ ಹಳದಿಯಾದರೆ ತಕ್ಷಣ ಗೊಬ್ಬರ ಸುರಿಯದೆ ಬೇರು ನೋಡುತ್ತೇವಲ್ಲ, ಇಲ್ಲೂ ಹಾಗೆಯೇ ಒಂದೊಂದಾಗಿ ನೋಡಬೇಕು.

ನಾಲ್ಕು ಪರೀಕ್ಷೆ, ಇದೇ ಕ್ರಮದಲ್ಲಿ

1. ಸಮಯ ಬರೆದುಕೊಳ್ಳಿ. ಟೈಮ್‌ಔಟ್ ಬಂದ ಹೊತ್ತನ್ನು ಎರಡು ದಿನ ಪುಸ್ತಕದಲ್ಲಿ ಬರೆಯಿರಿ. ತ್ರೀ ಫೇಸ್ ಬಂದು ಹೋಗುವ ಹೊತ್ತಿಗೇ ಬರುತ್ತಿದ್ದರೆ ದೋಷ ಕರೆಂಟಿನದು. ಪೈಗೆ ಬ್ಯಾಟರಿ ಕೊಟ್ಟು ರೌಟರ್‌ಗೆ ಕೊಡುವುದನ್ನು ಮರೆಯುವವರು ಬಹಳ. ಸಂಜೆ ಮಾತ್ರ ಬರುತ್ತಿದ್ದರೆ ದಿನದ ಡೇಟಾ ಮುಗಿದಿದೆಯಾ ನೋಡ್ಕೊಳ್ಳಿ.

2. ಸರ್ವರ್‌ನಿಂದ ಪಿಂಗ್ ಮಾಡಿ. ಉತ್ತರವೇ ಇಲ್ಲದಿದ್ದರೆ ಕರೆಂಟ್, ಸಿಗ್ನಲ್, ರೀಚಾರ್ಜ್ ನೋಡಿ. ಸಿಮ್ ಇಂಟರ್‌ನೆಟ್‌ಗೆ ಸಾಮಾನ್ಯವಾಗಿ ಹೊರಗಿನಿಂದ ನೇರವಾಗಿ ಬರಲು ದಾರಿ ಇರಲ್ಲ. ಹಾಗಾಗಿ ಪೆಟ್ಟಿಗೆಯೇ ಒಳಗಿನಿಂದ ವೈರ್‌ಗಾರ್ಡ್‌ನಂಥ ದಾರಿ ತೆರೆದಿಟ್ಟುಕೊಳ್ಳಬೇಕು. ಅದರಲ್ಲಿ ಕೀಪ್‌ಅಲೈವ್ 25 ಸೆಕೆಂಡ್ ಅಂತ ಹಾಕಿ, ಇಲ್ಲದಿದ್ದರೆ ಸುಮ್ಮನಿದ್ದಾಗ ದಾರಿ ಮುಚ್ಚಿಹೋಗಬಹುದು.

3. ಖಾಲಿ ಪ್ರಶ್ನೆ ಕೇಳಿ. ಎನ್‌ಆರ್‌ಪಿಇಗೆ ಯಾವ ಕೆಲಸವನ್ನೂ ಹೇಳದೆ ಕರೆದರೆ ತನ್ನ ಆವೃತ್ತಿ ಸಂಖ್ಯೆ ಹೇಳುತ್ತದೆ. ಪಿಂಗ್ ಸರಿ ಇದ್ದೂ ಇದು ಬರದಿದ್ದರೆ 5666ನೇ ಪೋರ್ಟನ್ನು ಫೈರ್‌ವಾಲ್ ತಡೆದಿರಬಹುದು. ತಕ್ಷಣ ಬಂದರೆ ದಾರಿ ಸರಿ ಇದೆ, ತಡ ಆಗುತ್ತಿರುವುದು ಅಳತೆಯ ಕೆಲಸವೇ.

4. ಪಂಪ್‌ಮನೆಗೇ ಹೋಗಿ. ಅದೇ ಅಳತೆಯನ್ನು ಪೆಟ್ಟಿಗೆಯ ಮೇಲೆ ಕೈಯಾರೆ ಓಡಿಸಿ, ಎಷ್ಟು ಸೆಕೆಂಡ್ ಹಿಡಿಯುತ್ತದೆ ನೋಡಿ.

ನಮ್ಮಲ್ಲಿ ಕಳ್ಳ ಸಿಕ್ಕಿದ್ದು ನಾಲ್ಕನೆಯದರಲ್ಲಿ. ಕಾಂಪೋಸ್ಟ್ ರಾಶಿ 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ತಾನೇ ಕಳೆ ಬೀಜ, ರೋಗಾಣು ಸಾಯೋದು? ಅದಕ್ಕೆ ಮೊದಲು ನಾಲ್ಕು ಡಿಎಸ್18ಬಿ20 ತಾಪಮಾನ ಸೆನ್ಸಾರ್ ಹಾಕಿದ್ದೆ. ರಾಶಿ ಹೆಚ್ಚಿದ ಹಾಗೆ ಹನ್ನೆರಡು ಮಾಡಿದೆ. ಈ ಸೆನ್ಸಾರ್ ಪೂರ್ತಿ ನಿಖರತೆಯಲ್ಲಿ ಒಂದು ಸಲ ಅಳೆಯಲು 750 ಮಿಲಿಸೆಕೆಂಡಿನವರೆಗೆ ತೆಗೆದುಕೊಳ್ಳುತ್ತದೆ. ನಮ್ಮ ಪ್ರೋಗ್ರಾಂ ಒಂದಾದ ಮೇಲೆ ಒಂದನ್ನು ಓದುತ್ತಿತ್ತು. ನಾಲ್ಕಕ್ಕೆ 3 ಸೆಕೆಂಡ್, ಹನ್ನೆರಡಕ್ಕೆ 9. ಮೇಲೆ ಟ್ಯಾಂಕಿನ ಅಳತೆ, ನೆಟ್‌ವರ್ಕ್ ತಡ ಸೇರಿದರೆ ಒಮ್ಮೆ 9.8, ಒಮ್ಮೆ 10.5. ಅದಕ್ಕೇ ಒಮ್ಮೆ ಸರಿ, ಒಮ್ಮೆ ಟೈಮ್‌ಔಟ್. ಟ್ಯಾಂಕ್ ಮಟ್ಟವನ್ನೂ ಅದೇ ಪ್ರಶ್ನೆಗೆ ಗಂಟು ಹಾಕಿದ್ದರಿಂದ, ಕಾಂಪೋಸ್ಟ್ ತಡವಾದಾಗಲೆಲ್ಲ ಟ್ಯಾಂಕಿನ ಸುದ್ದಿಯೂ ಮುಳುಗುತ್ತಿತ್ತು.

ಸರಿ ಮಾಡಿದ್ದು ಹೀಗೆ

ಕಾಯುವ ಹೊತ್ತನ್ನು 10ರಿಂದ 30 ಸೆಕೆಂಡಿಗೆ ಏರಿಸುವುದು ಸುಲಭ. ಅದು ನೋವಿನ ಮಾತ್ರೆ ಅಷ್ಟೇ. ಇನ್ನಷ್ಟು ಸೆನ್ಸಾರ್ ಹಾಕಿದರೆ ಮತ್ತೆ ಅದೇ ಕಥೆ. ನಾಗಿಯೋಸ್ ಕೂಡ ತಾನಾಗಿ 60 ಸೆಕೆಂಡಿಗೆ ಪ್ರಶ್ನೆಯನ್ನೇ ಕೈಬಿಡುತ್ತದೆ.

ಈಗ ಪೈ ನಿಮಿಷಕ್ಕೊಮ್ಮೆ ತಾನೇ ಅಳೆದು, ಸಮಯದ ಸಮೇತ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಸರ್ವರ್ ಕೇಳಿದಾಗ ಫೈಲ್ ಓದಿ ಹೇಳುತ್ತದೆ, ಒಂದು ಸೆಕೆಂಡೂ ಬೇಡ. ಇಲ್ಲೊಂದು ಎಚ್ಚರ: ಫೈಲ್ ಐದು ನಿಮಿಷಕ್ಕಿಂತ ಹಳೆಯದಾದರೆ 'ಅಳತೆ ನಿಂತಿದೆ' ಎಂದೇ ಹೇಳಬೇಕು. ಇಲ್ಲದಿದ್ದರೆ ಖಾಲಿ ಟ್ಯಾಂಕಿಗೆ ನಿನ್ನೆಯ ತುಂಬಿದ ಅಳತೆ ತೋರಿಸುತ್ತಾ ಕೂರುತ್ತದೆ.

ಟ್ಯಾಂಕಿಗೆ ಬೇರೆಯದೇ ಪ್ರಶ್ನೆ ಇಟ್ಟೆ. ಟೈಮ್‌ಔಟ್ ಬಂದರೆ 'ಅಪಾಯ' ಎನ್ನದೆ 'ಗೊತ್ತಿಲ್ಲ' ಅಂತ ಬರುವಂತೆ ಮಾಡಿದೆ. ನಿಮಿಷದ ಅಂತರದಲ್ಲಿ ಮೂರು ಸಲ ಸತತವಾಗಿ ತಪ್ಪಿದರೆ ಮಾತ್ರ ಫೋನ್ ಸದ್ದು ಮಾಡುತ್ತದೆ. ಸದ್ದಾದರೆ ಯಾರಾದರೂ ಹೋಗಿ ಕಣ್ಣಾರೆ ನೋಡಲೇಬೇಕು, ಇದು ಮನೆಯ ಕಟ್ಟುನಿಟ್ಟು.

ಸರ್ವರ್ ಇಲ್ಲದೆ ಬರೀ ಮೊಬೈಲ್ ಸ್ಟಾರ್ಟರ್ ಇಟ್ಟುಕೊಂಡವರಿಗೂ ಪಾಠ ಇದೇ. ಉತ್ತರ ಬರಲಿಲ್ಲ ಅಂದರೆ ಮೋಟಾರ್ ನಿಂತಿದೆ ಅಂತಲೂ ಅಲ್ಲ, ಓಡುತ್ತಿದೆ ಅಂತಲೂ ಅಲ್ಲ. ಕರೆಂಟ್, ಸಿಮ್, ಸಿಗ್ನಲ್, ಪೆಟ್ಟಿಗೆ, ಇದೇ ಕ್ರಮದಲ್ಲಿ ನೋಡಿ.

ಅಣ್ಣನಿಗೆ ಮತ್ತೆ ಬೀಜ ಹಾಕಿ, 25 ದಿನ ಬೆಳೆಸಿ, ದುಡ್ಡು ತೆಗೆದುಕೊಳ್ಳದೆ ಸಸಿ ಕೊಟ್ಟೆ. ಅವರ ನಾಟಿ ತಡವಾದದ್ದನ್ನು ಮಾತ್ರ ವಾಪಸ್ ಕೊಡೋಕೆ ಆಗಲಿಲ್ಲ.

ಈ ವಾರ ಒಂದು ಕೆಲಸ ಮಾಡಿ. ಟ್ಯಾಂಕಿನ ಫ್ಲೋಟನ್ನು ಕೈಯಲ್ಲಿ ಹಿಡಿದು ಕೆಳಗೆ ಒತ್ತಿ ಖಾಲಿ ಎಂದು ತೋರಿಸಿ, ಎಷ್ಟು ನಿಮಿಷಕ್ಕೆ ಫೋನ್ ಸದ್ದು ಮಾಡುತ್ತದೆ ನೋಡಿ. ಮಾಡದಿದ್ದರೆ ಬಿಸಿಲು ಏರುವ ಮೊದಲೇ ಸರಿಪಡಿಸಿಕೊಳ್ಳಿ.