ಪಟ್ಟಿಯ ಪುಸ್ತಕದಿಂದ ವಂತಿಗೆಯ ವೇದಿಕೆಗೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಜಾತ್ರೆಯ ಕಾಲಕ್ಕೆ ನಾಟಕವನ್ನೋ ದೊಡ್ಡಾಟವನ್ನೋ ಆಡಬೇಕೆಂದು ತರುಣರು ನಿಶ್ಚಯಿಸಿದರೆ, ಮೊದಲು ಒಂದು ನೋಟುಪುಸ್ತಕವನ್ನು ಹಿಡಿದು ಪಟ್ಟಿ ಎತ್ತಲು ಹೊರಡುತ್ತಾರೆ. ಮಾಸ್ತರರ ಸಂಭಾವನೆ, ಪರದೆಗಳ ಬಾಡಿಗೆ, ದೀಪ, ಧ್ವನಿವರ್ಧಕ ಎಲ್ಲವೂ ಆ ಪಟ್ಟಿಯಿಂದಲೇ ಹುಟ್ಟಬೇಕು. ಆದರೆ ಇಂದು ಊರಿನ ಎಷ್ಟೋ ಮನೆಗಳ ಮಕ್ಕಳು ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಲ್ಲಿ ದುಡಿಯುತ್ತಿದ್ದಾರೆ. ನೋಟುಪುಸ್ತಕ ಅಲ್ಲಿಯವರೆಗೆ ಹೋಗಲಾರದು. ದೂರದವರಿಂದಲೂ ಅಪರಿಚಿತರಿಂದಲೂ ಹೀಗೆಯೇ ಹಣ ಕೂಡಿಸಿಕೊಡಲು ಅಂತರ್ಜಾಲದಲ್ಲಿ ಹುಟ್ಟಿದ ಏರ್ಪಾಡಿಗೆ ಕ್ರೌಡ್ ಫಂಡಿಂಗ್ ವೇದಿಕೆ ಎಂದು ಹೆಸರು. ಅಂಥದೊಂದನ್ನು ಸ್ಥಾಪಿಸಲು ಯಾವ ತಿಳಿವಳಿಕೆ ಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಪಟ್ಟಿ ಎತ್ತಿದವರಿಗೆಲ್ಲ ಒಂದು ಅನುಭವವುಂಟು. "ಯಾರ್ಯಾರು ಎಷ್ಟೆಷ್ಟು ಬರೆಸಿದ್ದಾರೆ, ತೋರಿಸಿರಿ" ಎಂದು ಕೇಳದೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ಇದನ್ನು ಜಿಪುಣತನವೆಂದು ಹಳಿಯುವುದು ಸುಲಭ. ಆದರೆ ಇದರಲ್ಲಿ ಗಣಿತವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ೧೯೭೮ರಲ್ಲಿ ಇದನ್ನು ಒಂದು ಸರಳ ಲೆಕ್ಕದಿಂದ ತೋರಿಸಿದನು. ಅವನ ಉದಾಹರಣೆ ದೊಂಬಿಯದು. ನಾವು ಅದನ್ನು ನಾಟಕಕ್ಕೆ ಒಗ್ಗಿಸಿಕೊಳ್ಳೋಣ. ನೂರು ಮನೆಗಳಿವೆ ಎಂದಿಟ್ಟುಕೊಳ್ಳಿ. ಒಂದು ಮನೆಯವರು ಯಾರು ಕೊಡದಿದ್ದರೂ ತಾವು ಕೊಡುವವರು. ಎರಡನೆಯವರು ಒಬ್ಬರು ಕೊಟ್ಟರೆ ಕೊಡುವರು, ಮೂರನೆಯವರು ಇಬ್ಬರು ಕೊಟ್ಟರೆ. ಹೀಗೆಯೇ ನೂರನೆಯವರು ತೊಂಬತ್ತೊಂಬತ್ತು ಮಂದಿ ಕೊಟ್ಟ ಮೇಲೆ. ಆಗ ಸಾಲಾಗಿ ನೂರು ಮನೆಗಳೂ ಕೊಡುತ್ತವೆ. ಈಗ ಎರಡನೆಯ ಮನೆಯವರ ಮನಸ್ಸು ಮಾತ್ರ ತುಸು ಬದಲಾಗಿ, "ಇಬ್ಬರು ಕೊಡಲಿ, ಆಮೇಲೆ ನೋಡೋಣ" ಎಂದರೆನ್ನಿ. ಮೊದಲನೆಯವರು ಕೊಡುತ್ತಾರೆ; ಅಲ್ಲಿಗೆ ಪಟ್ಟಿ ನಿಂತಿತು! ತೊಂಬತ್ತೆಂಟು ಮನೆಗಳ ಮನೋಧರ್ಮ ಎಳ್ಳಷ್ಟೂ ಬದಲಾಗಿಲ್ಲ, ಆದರೂ ನಾಟಕವಿಲ್ಲ. ಪಟ್ಟಿಯ ಮೊದಲ ಸಾಲಿನಲ್ಲಿ ಊರ ಹಿರಿಯರ ಹೆಸರನ್ನು ಬರೆಸುವ ನಮ್ಮವರ ಪದ್ಧತಿ ಎಷ್ಟು ಜಾಣತನದ್ದೆಂಬುದು ಇದರಿಂದ ತಿಳಿಯುತ್ತದೆ.

ಊರೊಳಗೆ ಹಿರಿಯರೇ ಜಾಮೀನು. ಅಪರಿಚಿತರ ನಡುವೆ ಜಾಮೀನು ಯಾರು? ಈ ಪ್ರಶ್ನೆಗೆ ಕೊಟ್ಟ ಉತ್ತರದಿಂದಲೇ ಕಿಕ್‌ಸ್ಟಾರ್ಟರ್ ಹೆಸರಾಯಿತು. ಅದರ ಸ್ಥಾಪಕರಲ್ಲೊಬ್ಬನಾದ ಪೆರಿ ಚೆನ್ ನ್ಯೂ ಆರ್ಲಿಯನ್ಸ್ ನಗರದಲ್ಲಿ ಒಂದು ಸಂಗೀತ ಕಾರ್ಯಕ್ರಮವನ್ನು ಏರ್ಪಡಿಸಲು ಹೊರಟು, ಹಣದ ಅಭಾವದಿಂದ ಕೈಬಿಟ್ಟಿದ್ದನು. ಬರುವವರು ಮೊದಲೇ ಮಾತು ಕೊಟ್ಟು, ಸಾಕಷ್ಟು ಮಂದಿ ಕೂಡಿದರೆ ಮಾತ್ರ ಹಣ ತೆರುವಂತಿದ್ದರೆ ಹೇಗೆ ಎಂಬ ಯೋಚನೆ ಅವನಲ್ಲಿ ಆಗ ಹುಟ್ಟಿತು. ಯಾನ್ಸಿ ಸ್ಟ್ರಿಕ್ಲರ್, ಚಾರ್ಲ್ಸ್ ಆಡ್ಲರ್ ಅವರೊಡಗೂಡಿ ಅವನು ವೇದಿಕೆಯನ್ನು ತೆರೆದದ್ದು ೨೦೦೯ರ ಏಪ್ರಿಲ್ ೨೮ರಂದು. ಅಲ್ಲಿಯ ಮುಖ್ಯ ನಿಯಮ ಇದು: ಗಡುವಿನೊಳಗೆ ಗುರಿ ಮುಟ್ಟದಿದ್ದರೆ ಯಾರಿಂದಲೂ ಒಂದು ಕಾಸನ್ನೂ ವಸೂಲು ಮಾಡುವುದಿಲ್ಲ. "ಅರ್ಧಂಬರ್ಧ ಕೂಡಿ ನನ್ನ ಹಣ ನೀರುಪಾಲಾದರೆ?" ಎಂಬ ಭಯವನ್ನು ಈ ನಿಯಮ ತೆಗೆದುಹಾಕುತ್ತದೆ. ಭಯ ಹೋದೊಡನೆ, ಹತ್ತು ಮಂದಿಯನ್ನು ಕಾಯುತ್ತಿದ್ದವನು ಇಬ್ಬರು ಕೊಟ್ಟರೂ ಮುಂದೆ ಬರುತ್ತಾನೆ.

ಕನ್ನಡದಲ್ಲಿ ಇದಕ್ಕೆ ಪ್ರಸಿದ್ಧ ನಿದರ್ಶನ 'ಲೂಸಿಯಾ' ಚಲನಚಿತ್ರ. ನಿರ್ಮಾಪಕರು ದೊರೆಯದೆ ನಿರ್ದೇಶಕ ಪವನ್ ಕುಮಾರ್ ಅಂತರ್ಜಾಲದ ಮೂಲಕ ನೇರವಾಗಿ ಜನರನ್ನೇ ಕೇಳಿದರು. ೨೭ ದಿನಗಳಲ್ಲಿ ೧೧೦ ಮಂದಿಯಿಂದ ಸುಮಾರು ೫೧ ಲಕ್ಷ ರೂಪಾಯಿ ಕೂಡಿತು. ಚಿತ್ರ ೨೦೧೩ರ ಸೆಪ್ಟೆಂಬರಿನಲ್ಲಿ ತೆರೆಕಂಡಿತು. ಭಾಗಿಸಿ ನೋಡಿದರೆ ಸರಾಸರಿ ತಲೆಗೆ ೪೬,೦೦೦ ರೂಪಾಯಿಗೂ ಮೇಲಾಯಿತು. ಜೇವರ್ಗಿಯ ಕಾಲೇಜು ವಿದ್ಯಾರ್ಥಿಗೆ ಇದು ನಿಲುಕುವ ಮಾತಲ್ಲ. ಇನ್ನೊಂದು ಕೊನೆಯಲ್ಲಿ ಶ್ಯಾಮ್ ಬೆನೆಗಲ್ ಅವರ ೧೯೭೬ರ 'ಮಂಥನ್' ಇದೆ. ಗುಜರಾತಿನ ಹಾಲು ಸಹಕಾರಿ ಸಂಘಗಳ ಐದು ಲಕ್ಷ ರೈತರು ತಲೆಗೆ ಎರಡೆರಡು ರೂಪಾಯಿ ಹಾಕಿ ಅದನ್ನು ನಿರ್ಮಿಸಿದರು. ಐದು ಲಕ್ಷ ಮನೆಗಳ ಬಾಗಿಲು ತಟ್ಟಿ ಎರಡು ರೂಪಾಯಿ ವಸೂಲು ಮಾಡಲು ಹೋದರೆ ಎರಡು ರೂಪಾಯಿಗಿಂತ ಹೆಚ್ಚು ಖರ್ಚಾಗುತ್ತಿತ್ತು. ಆದರೆ ಹಾಲಿನ ಲೆಕ್ಕ ಸಂಘಗಳಲ್ಲಿ ಮೊದಲೇ ಇತ್ತು. ೨೦೧೬ರಲ್ಲಿ ಯುಪಿಐ ಬಂದ ಬಳಿಕ ಸಣ್ಣ ಮೊತ್ತವನ್ನು ಸಾಗಿಸುವ ವೆಚ್ಚವೆಂಬ ಈ ತೊಡಕು ಬಹುಮಟ್ಟಿಗೆ ತೊಲಗಿದೆ. ಹಳ್ಳಿಯ ವೇದಿಕೆಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲವೆಂದು ನನ್ನ ಅಭಿಪ್ರಾಯ.

ಕಾನೂನಿನ ಮಾತೂ ಇದೆ. ಇತರರ ಪಾವತಿಗಳನ್ನು ಕೂಡಿಸಿ ದಾಟಿಸುವ ಸಂಸ್ಥೆ ಆ ಹಣವನ್ನು ಸ್ವಂತ ಹಣದೊಡನೆ ಬೆರೆಸದೆ ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿಡಬೇಕೆಂದು ರಿಸರ್ವ್ ಬ್ಯಾಂಕು ೨೦೨೦ರ ಮಾರ್ಚಿಯಲ್ಲಿ ವಿಧಿಸಿತು. ಪುಸ್ತಕದ ಪ್ರತಿ, ನಾಟಕದ ಟಿಕೆಟು ಮೊದಲಾದ ಪ್ರತಿಫಲ ಕೊಡುವುದು ಒಂದು ಬಗೆ. ಲಾಭದ ಪಾಲು ಕೊಡುತ್ತೇವೆಂದು ಸಾರ್ವಜನಿಕರಿಂದ ಹಣ ಪಡೆಯುವುದು ಬೇರೊಂದು ಬಗೆ. ಎರಡನೆಯದು ಕಂಪನಿ ಕಾಯಿದೆ ಮತ್ತು ಸೆಬಿಯ ಕಟ್ಟುಪಾಡುಗಳ ಎಲ್ಲೆಗೆ ಬರುತ್ತದೆ. ಹೊಸಬರು ಅತ್ತ ಸುಳಿಯದಿರುವುದೇ ಲೇಸು.

ಇನ್ನು ಲೆಕ್ಕ. ನಾಟಕಕ್ಕೆ ೧,೦೦,೦೦೦ ರೂಪಾಯಿ ಬೇಕು, ವೇದಿಕೆಯ ಶುಲ್ಕ ನೂರಕ್ಕೆ ಐದು ಎಂದಿರಲಿ. ಗುರಿಯನ್ನು ೧,೦೫,೦೦೦ಕ್ಕೆ ಇಟ್ಟರೆ ಸರಿಯಾಯಿತೆಂದು ಹಲವರು ತಿಳಿಯುತ್ತಾರೆ. ಆದರೆ ಶುಲ್ಕ ಹಿಡಿಯುವುದು ಕೂಡಿದ ಮೊತ್ತದ ಮೇಲೆ. ಕೈಗೆ ಬರುವುದು ೯೯,೭೫೦ ಮಾತ್ರ. ಒಂದು ಲಕ್ಷವನ್ನು ೦.೯೫ರಿಂದ ಭಾಗಿಸಿದರೆ ಬರುವ ೧,೦೫,೨೬೩ ರೂಪಾಯಿಯೇ ನಿಜವಾದ ಗುರಿ.

ಗುರಿ ಮುಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದೆಂಬ ಖಾತರಿಯೂ ಇಲ್ಲ. ಈಥನ್ ಮೊಲ್ಲಿಕ್ ಎಂಬ ವಿದ್ವಾಂಸನು ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕಿಕ್‌ಸ್ಟಾರ್ಟರಿನಲ್ಲಿ ಹಣ ಪಡೆದ ಯೋಜನೆಗಳಲ್ಲಿ ನೂರಕ್ಕೆ ಸುಮಾರು ಒಂಬತ್ತು ಕೊಟ್ಟ ಮಾತಿನ ಪ್ರತಿಫಲವನ್ನು ಸಲ್ಲಿಸಲಿಲ್ಲ. ಹಳ್ಳಿಯಲ್ಲಾದರೆ ಪಟ್ಟಿ ಎತ್ತಿದವನು ಮರುದಿನ ಅದೇ ಬಾವಿಕಟ್ಟೆಯ ಮೇಲೆ ಸಿಕ್ಕುತ್ತಾನೆ. ಅವನು ಲೆಕ್ಕ ಒಪ್ಪಿಸದೆ ಇರಲಾರನು. ಆದುದರಿಂದ ಮೂರು ತಾಲ್ಲೂಕುಗಳಿಗೆ ವೇದಿಕೆ ಕಟ್ಟುವವರು ಪ್ರತಿ ಯೋಜನೆಗೂ ಊರಿನ ಇಬ್ಬರು ಪರಿಚಿತರ ಒಪ್ಪಿಗೆಯನ್ನೂ, ಖರ್ಚಿನ ಪಟ್ಟಿಯನ್ನು ಎಲ್ಲರೂ ಕಾಣುವಂತೆ ಪ್ರಕಟಿಸುವುದನ್ನೂ ಕಡ್ಡಾಯ ಮಾಡುವುದು ಒಳ್ಳೆಯದು.

ಗಡುವನ್ನು ನಿಶ್ಚಯಿಸುವಾಗ ಪಂಚಾಂಗವನ್ನೂ ಹೊಲವನ್ನೂ ನೋಡಬೇಕು. ಈ ಸೀಮೆ ತೊಗರಿಯದು. ರಾಶಿ ಮುಗಿದು ರೈತನ ಕೈಯಲ್ಲಿ ಹಣ ಆಡುವುದು ಸಾಮಾನ್ಯವಾಗಿ ಜನವರಿಯ ಈಚೆಗೆ. ಮೃಗಶಿರ ಮಳೆಯ ಹೊತ್ತಿಗೆ ಅವನು ಬೀಜಗೊಬ್ಬರಕ್ಕೆ ಸಾಲ ಹುಡುಕುತ್ತಿರುತ್ತಾನೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಅವನ ತಮ್ಮನಿಗಾದರೆ ಸಂಬಳ ಬರುವುದು ತಿಂಗಳ ಮೊದಲ ವಾರ. ಫೆಬ್ರವರಿಯ ಕೊನೆಯಲ್ಲಿ ಆರಂಭಿಸಿ ಏಪ್ರಿಲ್ ಹತ್ತರೊಳಗೆ ಮುಗಿಸಿದರೆ ತೊಗರಿಯ ಹಣವೂ ಎರಡು ತಿಂಗಳ ಸಂಬಳವೂ ಒಂದೇ ಗಡುವಿನಲ್ಲಿ ಕೂಡುತ್ತವೆ.