ಕನ್ನಡಕವೋ ಕಿರಣವೋ

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮಂಡ್ಯ ಸೀಮೆಯಲ್ಲಿ ಕಬ್ಬು, ಭತ್ತಗಳ ಬಯಲು ಕಣ್ಣು ಹರಿಯುವಷ್ಟು ದೂರ ಹಬ್ಬಿದೆ ಎಂದು ಹೇಳುವುದು ವಾಡಿಕೆ. ಆದರೆ ಕಣ್ಣು ಹರಿಯುವ ದೂರ ಎಲ್ಲರಿಗೂ ಒಂದೇ ಅಲ್ಲ. ಕೆಲವರಿಗೆ ಅದು ದಿಗಂತದವರೆಗೆ. ಕೆಲವರಿಗೆ ಗದ್ದೆಯ ಬದುವಿನವರೆಗೆ. ಮತ್ತೆ ಕೆಲವರಿಗೆ ಚಾಚಿದ ಕೈಯ ಬೆರಳ ತುದಿಯವರೆಗೆ ಮಾತ್ರ. ಹತ್ತಿರದ ವಸ್ತು ಸ್ಪಷ್ಟವಾಗಿ ಕಂಡು ದೂರದ್ದು ಮಸುಕಾಗುವ ಈ ದೋಷಕ್ಕೆ ಸಮೀಪದೃಷ್ಟಿ ಎಂದು ಹೆಸರು. ಇದನ್ನು ಕನ್ನಡಕದಿಂದ ಸರಿಪಡಿಸಬಹುದು. ಲೇಸರ್ ಕಿರಣದ ಶಸ್ತ್ರಚಿಕಿತ್ಸೆಯಿಂದಲೂ ಸರಿಪಡಿಸಬಹುದು. ಎರಡರಲ್ಲಿ ಯಾವುದು ಎಂಬ ಪ್ರಶ್ನೆ ಈಗ ಪಟ್ಟಣಗಳನ್ನು ದಾಟಿ ಹಳ್ಳಿಯ ಮನೆಗಳ ಜಗುಲಿಗೂ ಬಂದಿದೆ.

ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೊತ್ತತ್ತಿಯಲ್ಲಿ ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಹಿರಿಯ ಮಗಳಿಗೆ 23 ವರ್ಷ, ಬೆಂಗಳೂರಿನಲ್ಲಿ ನೌಕರಿ. ಅವಳ ಕನ್ನಡಕದ ಶಕ್ತಿ ಮೈನಸ್ 4.5 ಡಯಾಪ್ಟರ್. ಕಿರಿಯಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳದು ಹೋದ ವರ್ಷ ಮೈನಸ್ 1.25 ಇದ್ದುದು ಈ ವರ್ಷ ಮೈನಸ್ 2 ಆಗಿದೆ. ಸಹಪಾಠಿಗಳು ‘ಸೋಡಾಬುಡ್ಡಿ’ ಎಂದು ಆಡಿಕೊಳ್ಳುವರೆಂಬ ನಾಚಿಕೆಯಿಂದ ಅವಳು ಕನ್ನಡಕವನ್ನು ಚೀಲದಲ್ಲೇ ಇಟ್ಟುಕೊಂಡು, ಕಪ್ಪು ಹಲಗೆಯ ಮೇಲಿನ ಲೆಕ್ಕವನ್ನು ಪಕ್ಕದವಳ ಪುಸ್ತಕದಿಂದ ಬರೆದುಕೊಳ್ಳುತ್ತಾಳೆ. ಹಿರಿಯಳಿಗೆ ಗಂಡು ನೋಡುತ್ತಿದ್ದಾರೆ. ಕನ್ನಡಕ ತೆಗೆಸಿಬಿಟ್ಟರೆ ಒಳ್ಳೆಯದೆಂದು ನೆಂಟರೊಬ್ಬರು ಸಲಹೆ ಕೊಟ್ಟಿದ್ದಾರೆ. ಅಜ್ಜಿಯ ತೀರ್ಪಂತೂ ಇನ್ನೂ ಸರಳ: “ನನಗೆ ಪೊರೆ ತೆಗೆದ ಮೇಲೆ ಎಲ್ಲ ನಿಚ್ಚಳವಾಗಿ ಕಾಣಲಿಲ್ಲವೆ? ಇವರಿಬ್ಬರಿಗೂ ಒಟ್ಟಿಗೇ ಮಾಡಿಸಿಬಿಡಿ.”

ಅಜ್ಜಿಯ ಮಾತಿನ ಹಿಂದೆ ಕರ್ನಾಟಕದ ಹಳ್ಳಿಗಳ ಒಂದು ದೊಡ್ಡ ಅನುಭವವಿದೆ. ಬೀಳಗಿಯಲ್ಲಿ ಹುಟ್ಟಿ ಊರೂರು ಸುತ್ತಿ ನೇತ್ರ ಶಿಬಿರಗಳನ್ನು ನಡೆಸಿದ ಡಾ. ಎಂ. ಸಿ. ಮೋದಿಯವರು 2005ರಲ್ಲಿ ತೀರಿಕೊಂಡರು. ಅವರ ಕೈಯಿಂದ ಪೊರೆ ತೆಗೆಸಿಕೊಂಡು ಲೋಕವನ್ನು ಮತ್ತೆ ಕಂಡವರು ಲೆಕ್ಕವಿಲ್ಲದಷ್ಟು ಮಂದಿ. ಆದುದರಿಂದ ಕಣ್ಣಿನ ಶಸ್ತ್ರಚಿಕಿತ್ಸೆ ಎಂದೊಡನೆ ಹಳ್ಳಿಯವರ ಮನಸ್ಸಿನಲ್ಲಿ ಭಯಕ್ಕಿಂತ ಕೃತಜ್ಞತೆಯೇ ಮೊದಲು ಮೂಡುತ್ತದೆ. ಆದರೆ ಪೊರೆ ಬೇರೆ, ಸಮೀಪದೃಷ್ಟಿ ಬೇರೆ. ಪೊರೆ ಬಂದವರ ಕಣ್ಣಿನೊಳಗಿನ ಮಸೂರವೇ ಮಬ್ಬಾಗಿರುತ್ತದೆ. ಅದನ್ನು ತೆಗೆಯದೆ ಯಾವ ಕನ್ನಡಕ ಹಾಕಿದರೂ ಅವರಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಸಮೀಪದೃಷ್ಟಿಯವರ ಕಣ್ಣು ಸಾಮಾನ್ಯವಾಗಿ ಸ್ವಚ್ಛವಾಗಿಯೇ ಇರುತ್ತದೆ. ತಕ್ಕ ಕನ್ನಡಕ ಹಾಕಿದ ಕ್ಷಣದಲ್ಲೇ ಅವರಿಗೆ ದೂರದ್ದೂ ಕಾಣುತ್ತದೆ. ಒಂದು ಚಿಕಿತ್ಸೆ ಕತ್ತಲೆಯನ್ನು ಕಳೆಯುತ್ತದೆ. ಇನ್ನೊಂದು, ಈಗಾಗಲೇ ಕಾಣುತ್ತಿರುವವರ ಮೂಗಿನ ಮೇಲಿನ ಭಾರವನ್ನು ಇಳಿಸುತ್ತದೆ. ಮೊದಲನೆಯದು ಅಗತ್ಯ, ಎರಡನೆಯದು ಆಯ್ಕೆ. ಈ ಅಂತರವನ್ನು ಅರಿಯದೆ ಮುಂದಿನ ವಿಚಾರ ಬಗೆಹರಿಯದು.

ಕಣ್ಣಿನ ಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುತ್ತದೆ. ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾವೂ ಒಳಗಿನ ಮಸೂರವೂ ಸೇರಿ ಬೆಳಕನ್ನು ಬಾಗಿಸಿ, ಹಿಂಗೋಡೆಯಲ್ಲಿರುವ ಅಕ್ಷಿಪಟಲದ ಮೇಲೆ ಬಿಂಬವನ್ನು ಮೂಡಿಸುತ್ತವೆ. ಗುಡ್ಡೆ ಹೆಚ್ಚು ಉದ್ದವಾಗಿ ಬೆಳೆದರೆ ಬಿಂಬ ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡಿ, ಪಟಲದ ಮೇಲೆ ಬರಿಯ ಮಸುಕು ಬೀಳುತ್ತದೆ. ಉದ್ದ ಒಂದು ಮಿಲಿಮೀಟರ್ ಹೆಚ್ಚಿದರೆ ಸಾಕು, ಎರಡೂವರೆಯಿಂದ ಮೂರು ಡಯಾಪ್ಟರಿನಷ್ಟು ದೋಷ ಉಂಟಾಗುತ್ತದೆ. ಡಯಾಪ್ಟರ್ ಎಂದರೇನೆಂಬುದನ್ನು ತಿಳಿಯಲು ಸುಲಭವಾದ ಲೆಕ್ಕವೊಂದಿದೆ. ಒಂದು ಮೀಟರನ್ನು ಆ ಸಂಖ್ಯೆಯಿಂದ ಭಾಗಿಸಿದರೆ, ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವ ಗರಿಷ್ಠ ದೂರ ದೊರೆಯುತ್ತದೆ. ಮೈನಸ್ 2 ಇರುವ ಕಿರಿಯಳಿಗೆ ಅದು ಅರ್ಧ ಮೀಟರ್, ಅಂದರೆ ಒಂದು ಮೊಳಕ್ಕಿಂತ ತುಸು ಹೆಚ್ಚು. ಮೈನಸ್ 4.5 ಇರುವ ಹಿರಿಯಳಿಗೆ 22 ಸೆಂಟಿಮೀಟರ್, ಕೇವಲ ಒಂದು ಗೇಣು. ತರಗತಿಯ ಹಿಂದಿನ ಸಾಲಿನಿಂದ ಕಪ್ಪು ಹಲಗೆಗೆ ಎಷ್ಟು ಮೊಳ ದೂರವಾಗುತ್ತದೆಂಬುದನ್ನು ಅಳೆದು ನೋಡಿದರೆ, ಚೀಲದಲ್ಲಿ ಮಲಗಿರುವ ಕನ್ನಡಕದ ಬೆಲೆ ತಿಳಿಯುತ್ತದೆ.

ಈ ದೋಷಕ್ಕೆ ನಿಮ್ನ ಮಸೂರವೇ ಪರಿಹಾರವಾಗುವುದೇಕೆ ಎಂಬುದನ್ನು 1604ರಲ್ಲಿ ವಿವರಿಸಿದವನು ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರ್. ನಡುವೆ ತೆಳ್ಳಗೂ ಅಂಚಿನಲ್ಲಿ ದಪ್ಪಗೂ ಇರುವ ಆ ಮಸೂರ ಕಿರಣಗಳನ್ನು ಕೊಂಚ ಚದುರಿಸಿ, ಅವು ಕೂಡುವ ಬಿಂದುವನ್ನು ಹಿಂದಕ್ಕೆ, ಅಕ್ಷಿಪಟಲದ ಮೇಲಕ್ಕೆ ತಳ್ಳುತ್ತದೆ. ಕಣ್ಣನ್ನು ಮುಟ್ಟದೆಯೇ ನಡೆಯುವ ಕೆಲಸವಿದು. ಶಕ್ತಿ ಬದಲಾದರೆ ಮಸೂರ ಬದಲಾಯಿಸಬಹುದು, ಹೊಂದದಿದ್ದರೆ ತೆಗೆದಿಡಬಹುದು. ತಪ್ಪಾದರೆ ತಿದ್ದಿಕೊಳ್ಳಬಹುದೆಂಬ ಈ ಒಂದು ಗುಣ ಶಸ್ತ್ರಚಿಕಿತ್ಸೆಗೆ ಇಲ್ಲ.

ಕನ್ನಡಕ ಹಾಕಿಕೊಂಡಷ್ಟೂ ದೋಷ ಏರುತ್ತದೆ ಎಂಬ ನಂಬಿಕೆ ಊರೂರಲ್ಲಿದೆ. ಇದಕ್ಕೆ ಆಧಾರವಿಲ್ಲ. ಮಲೇಷಿಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೇಕೆಂದೇ ಕಡಿಮೆ ಶಕ್ತಿಯ ಕನ್ನಡಕ ಕೊಟ್ಟ ಮಕ್ಕಳಲ್ಲಿ ದೋಷದ ಬೆಳವಣಿಗೆ ತಗ್ಗಲಿಲ್ಲ. ಪೂರ್ಣ ಶಕ್ತಿಯ ಕನ್ನಡಕ ಧರಿಸಿದವರಿಗಿಂತ ಅದು ಸ್ವಲ್ಪ ಹೆಚ್ಚಾಗಿಯೇ ಕಂಡಿತು. ಚೀನಾದ ಗ್ರಾಮೀಣ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಮಕ್ಕಳಿಗೆ ಉಚಿತವಾಗಿ ಕನ್ನಡಕ ಕೊಟ್ಟಾಗ ಗಣಿತದ ಅಂಕಗಳು ಏರಿದುದನ್ನು ತೋರಿಸಿತು. ಭಾರತದಲ್ಲಿಯೂ 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೂಲಕ ಶಾಲಾಮಕ್ಕಳ ಕಣ್ಣು ಪರೀಕ್ಷಿಸಿ, ಅಗತ್ಯವಿದ್ದವರಿಗೆ ಉಚಿತ ಕನ್ನಡಕ ಕೊಡುವ ಏರ್ಪಾಡಿದೆ. ಕೊಟ್ಟ ಕನ್ನಡಕವನ್ನು ಹಾಕಿಕೊಳ್ಳುವಂತೆ ಮಾಡುವ ಏರ್ಪಾಡು ಮಾತ್ರ ತರಗತಿಯ ಒಳಗೇ ಆಗಬೇಕು. ಆಡಿಕೊಳ್ಳುವ ಬಾಯಿಗೆ ಯಾವ ಆಸ್ಪತ್ರೆಯಲ್ಲಿಯೂ ಚಿಕಿತ್ಸೆಯಿಲ್ಲ.

ಇನ್ನು ಕಿರಣದ ಕಥೆ. 1929ರಲ್ಲಿ ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಸಂಸ್ಥೆಯ ಸಂಶೋಧನಾಲಯದಲ್ಲಿ ರಸಾಯನ ವಿಜ್ಞಾನಿಯಾಗಿದ್ದರು. ಸ್ಯಾಮ್ಯುಯೆಲ್ ಬ್ಲಮ್ ಮತ್ತು ಜೇಮ್ಸ್ ವೈನ್ ಅವರ ಸಹೋದ್ಯೋಗಿಗಳು. ಎಕ್ಸೈಮರ್ ಲೇಸರ್ ಎಂಬ ನೇರಳಾತೀತ ಕಿರಣ ಜೀವಂತ ಅಂಗಾಂಶದ ಮೇಲೆ ಏನು ಮಾಡೀತೆಂಬ ಕುತೂಹಲ ಮೂವರಿಗೂ ಇತ್ತು. 1981ರ ನವೆಂಬರಿನಲ್ಲಿ ಅಲ್ಲಿನ ಹಬ್ಬದ ಮರುದಿನ, ಶ್ರೀನಿವಾಸನ್ ಔತಣದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ಪ್ರಯೋಗಶಾಲೆಗೆ ತಂದು ಅದರ ಮೇಲೆ 193 ನ್ಯಾನೊಮೀಟರ್ ತರಂಗಾಂತರದ ಕಿರಣವನ್ನು ಹಾಯಿಸಿದರು. ಸುತ್ತಲಿನ ಭಾಗ ಕರಕಾಗದೆ, ಕೊರೆದ ಅಂಚು ಅತ್ಯಂತ ನಯವಾಗಿ ಮೂಡಿತು. ವಿಜ್ಞಾನದ ದೊಡ್ಡ ಬಾಗಿಲುಗಳು ಕೆಲವೊಮ್ಮೆ ಅಡುಗೆಮನೆಯ ಕಡೆಯಿಂದಲೂ ತೆರೆಯುತ್ತವೆ! 1983ರಲ್ಲಿ ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಅವರೊಡಗೂಡಿ ಈ ಕಿರಣವನ್ನು ಕಾರ್ನಿಯಾದ ಮೇಲೆ ಬಳಸುವ ವಿಧಾನ ಪ್ರಕಟವಾಯಿತು. 1990ರ ಸುಮಾರಿಗೆ ಗ್ರೀಸಿನ ಪಲ್ಲಿಕಾರಿಸ್ ಎಂಬ ವೈದ್ಯರು, ಕಾರ್ನಿಯಾದ ಮೇಲ್ಪದರವನ್ನು ಪುಸ್ತಕದ ಹಾಳೆಯಂತೆ ಮಗುಚಿ, ಅದರ ಕೆಳಗೆ ಕಿರಣ ಹಾಯಿಸಿ, ಮತ್ತೆ ಹಾಳೆಯನ್ನು ಮುಚ್ಚುವ ‘ಲೇಸಿಕ್’ ಕ್ರಮವನ್ನು ರೂಢಿಗೆ ತಂದರು.

ಹಾಳೆಯ ಹೋಲಿಕೆ ಬರಿಯ ಅಲಂಕಾರವಲ್ಲ. 2021ರ ಅಕ್ಟೋಬರ್ 29ರಂದು ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನವಾಗಿ ಪಡೆದ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು, ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರ ಎಂದು ಎರಡಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ನೀಡಿದುದು ನಾಡಿಗೆಲ್ಲ ತಿಳಿದಿದೆ. ಇಷ್ಟೊಂದು ಪದರಗಳುಳ್ಳ ಆ ಪಟಲದ ಒಟ್ಟು ದಪ್ಪವೆಷ್ಟು? ನಡುವೆ ಸುಮಾರು ಅರ್ಧ ಮಿಲಿಮೀಟರ್, ಸರಾಸರಿ 540 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಲೇಸರ್ ಒಂದು ಡಯಾಪ್ಟರ್ ದೋಷ ತೆಗೆಯಲು ಸುಮಾರು 14 ಮೈಕ್ರಾನ್ ಅಂಗಾಂಶವನ್ನು ಕೆತ್ತಬೇಕಾಗುತ್ತದೆ. ಮಗುಚುವ ಹಾಳೆಗೆ 110 ಮೈಕ್ರಾನ್ ಹೋಗುತ್ತದೆಂದು ಇಟ್ಟುಕೊಂಡರೆ, ಕೊತ್ತತ್ತಿಯ ಹಿರಿಯಳ 4.5 ಡಯಾಪ್ಟರಿಗೆ ಇನ್ನು 63, ಉಳಿಯುವುದು 367. ಕನಿಷ್ಠ 250, ಸಾಧ್ಯವಾದರೆ 300 ಮೈಕ್ರಾನಾದರೂ ಕೆಳಗೆ ಉಳಿಯಬೇಕೆಂಬುದು ವೈದ್ಯರು ಪಾಲಿಸುವ ಮಿತಿ. ಆದುದರಿಂದ ಅವಳ ಲೆಕ್ಕ ಸರಿದೂಗುತ್ತದೆ. ಅದೇ, 480 ಮೈಕ್ರಾನಿನ ತೆಳು ಕಾರ್ನಿಯಾ ಉಳ್ಳ, ಮೈನಸ್ 9ರ ದೋಷವಿರುವ ವ್ಯಕ್ತಿಯಾದರೆ ಉಳಿಯುವುದು 244. ಕನ್ನಡಕ ತೊರೆಯುವ ಆಸೆ ಯಾರಿಗೆ ಅತಿ ಹೆಚ್ಚೋ ಅವರಿಗೇ ಚಿಕಿತ್ಸೆ ಒಲ್ಲದಿರುವುದು ವಿಪರ್ಯಾಸವಾದರೂ ನಿಜ. ಮಿತಿ ಮೀರಿ ತೆಳುವಾದ ಪಟಲ ಕಣ್ಣಿನ ಒಳ ಒತ್ತಡ ತಾಳಲಾರದೆ ಶಂಕುವಿನಂತೆ ಮುಂದಕ್ಕೆ ಉಬ್ಬಬಹುದು. ಕೆತ್ತಿದ ಭಾಗ ಮತ್ತೆ ಬೆಳೆಯುವುದಿಲ್ಲ.

ಕಿರಿಯಳ ವಿಷಯದಲ್ಲಿ ಹೆಚ್ಚು ಚರ್ಚೆಗೆ ಎಡೆಯೇ ಇಲ್ಲ. ಒಂದು ವರ್ಷದಲ್ಲಿ 1.25 ಇದ್ದುದು 2 ಆಗಿದೆಯೆಂದರೆ ಅವಳ ಕಣ್ಣು ಇನ್ನೂ ಉದ್ದವಾಗುತ್ತಿದೆ. ಇಂದು ಪಟಲವನ್ನು ಕೆತ್ತಿದರೂ ಗುಡ್ಡೆ ನಾಳೆ ಬೆಳೆಯುತ್ತದೆ. ಕಳೆದುಹೋದ ಕನ್ನಡಕ ಹಿಂದಿರುಗುತ್ತದೆ, ಕಳೆದುಹೋದ ಅಂಗಾಂಶ ಮಾತ್ರ ಹಿಂದಿರುಗದು. 18 ವರ್ಷ ತುಂಬಬೇಕು, ಅನಂತರವೂ ಕನಿಷ್ಠ ಒಂದು ವರ್ಷ ಶಕ್ತಿ ಅರ್ಧ ಡಯಾಪ್ಟರಿಗಿಂತ ಹೆಚ್ಚು ಬದಲಾಗದೆ ನಿಂತಿರಬೇಕು ಎಂಬ ನಿಯಮವಿರುವುದು ಈ ಕಾರಣಕ್ಕಾಗಿಯೇ. ಅವಳ ಓರಗೆಯ, ಇನ್ನೂ ದೋಷ ಬಾರದ ಮಕ್ಕಳಿಗೆ ತಿಳಿದಿರಬೇಕಾದ ಸಂಗತಿಯೊಂದುಂಟು. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಶಾಲಾದಿನಕ್ಕೆ 40 ನಿಮಿಷಗಳ ಹೊರಾಂಗಣ ಚಟುವಟಿಕೆಯನ್ನು ಹೆಚ್ಚಾಗಿ ಸೇರಿಸಿದಾಗ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದ ಮಕ್ಕಳ ಪ್ರಮಾಣ ಶೇಕಡಾ 39.5ರ ಬದಲು 30.4 ಆಯಿತೆಂದು 2015ರಲ್ಲಿ ಪ್ರಕಟವಾಯಿತು. ಆಟದ ಅವಧಿಯನ್ನು ಕಸಿದು ಗಣಿತದ ಪಾಠ ಮಾಡುವ ಶಾಲೆಗಳು ಇದನ್ನು ಗಮನಿಸುವುದು ಒಳ್ಳೆಯದು.

ಹಿರಿಯಳ ಮುಂದೆ ಮಾತ್ರ ನಿಜವಾದ ಆಯ್ಕೆಯಿದೆ. ಅವಳ ವಯಸ್ಸು ಒಪ್ಪುತ್ತದೆ. ಶಕ್ತಿ ನಿಂತಿದ್ದರೆ, ಪಟಲದ ಆಕಾರ ಸಮವಾಗಿದ್ದರೆ, ಕಣ್ಣು ಒಣಗುವ ತೊಂದರೆಯಿಲ್ಲದಿದ್ದರೆ ಚಿಕಿತ್ಸೆ ಬಹುಮಟ್ಟಿಗೆ ಸಫಲವಾಗುತ್ತದೆ. ಮಳೆಯಲ್ಲಿ ಗಾಜು ಒರೆಸುವ, ಬೆಳಗಾದೊಡನೆ ದಿಂಬಿನ ಬಳಿ ತಡಕಾಡುವ ಕಷ್ಟ ತಪ್ಪುವುದು ಸಣ್ಣ ಸುಖವೇನಲ್ಲ. ಇತ್ತ ಕೆಲವರಿಗೆ ತಿಂಗಳುಗಟ್ಟಲೆ ಕಣ್ಣು ಒಣಗುವುದು, ರಾತ್ರಿ ವಾಹನದ ದೀಪಗಳ ಸುತ್ತ ಪ್ರಭೆ ಕಾಣುವುದು ಉಂಟು. ಕೆಲವು ಸಾವಿರ ರೂಪಾಯಿಗಳ ಒಳಗೇ ಕನ್ನಡಕ ಮುಗಿಯುತ್ತದೆ. ಲೇಸರಿಗೆ ಹತ್ತಾರು ಸಾವಿರ ಬೇಕು. ನಲವತ್ತು ದಾಟಿದ ಮೇಲೆ ಎಲ್ಲರಂತೆ ಅವಳಿಗೂ ಓದುವ ಕನ್ನಡಕ ಬರುತ್ತದೆ. ಆಗ ಕಣ್ಣನ್ನು ಹಾಗೆಯೇ ಬಿಟ್ಟ ಮೈನಸ್ 2ರ ತಂಗಿ ಕನ್ನಡಕ ತೆಗೆದಿಟ್ಟು ಪತ್ರಿಕೆ ಓದುತ್ತಿದ್ದರೆ, ಅಕ್ಕ ಕನ್ನಡಕ ಹುಡುಕಬೇಕಾದೀತು.

ಕಬ್ಬಿನ ಸೀಮೆಗೆ ವಿಶೇಷವಾದ ಮಾತೊಂದಿದೆ. ಕಬ್ಬು ಕಡಿಯುವಾಗ, ತರಗು ಬಿಡಿಸುವಾಗ ಗರಗಸದಂಥ ಅಂಚಿನ ಗರಿ ಕಣ್ಣಿಗೆ ಬಡಿದು ಕಾರ್ನಿಯಾಕ್ಕೆ ಗಾಯವಾಗಿ, ಅದರಲ್ಲಿ ಬೂಷ್ಟು ಸೇರಿ ಹುಣ್ಣಾಗುವುದುಂಟು. ಅಲ್ಲಿ ಕನ್ನಡಕ ದೃಷ್ಟಿಯ ಜೊತೆಗೆ ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತದೆ. ಲೇಸಿಕ್‌ನಲ್ಲಿ ಮಗುಚಿದ ಹಾಳೆಯಾದರೋ ಬಲವಾದ ಪೆಟ್ಟಿಗೆ ವರ್ಷಗಳ ಅನಂತರವೂ ಜರುಗಬಹುದು. ಗದ್ದೆಯಲ್ಲಿ ದುಡಿಯುವವರು, ಕಬಡ್ಡಿ ಆಡುವವರು ಹಾಳೆಯಿಲ್ಲದ ಬೇರೆ ಕ್ರಮಗಳ ಬಗ್ಗೆ ವೈದ್ಯರನ್ನು ಕೇಳುವುದು ವಿವೇಕ. ಇನ್ನು, ಗಂಡಿನ ಕಡೆಯವರ ಒಪ್ಪಿಗೆಗಾಗಿ ಹೆಣ್ಣು ಕಣ್ಣು ಕೆತ್ತಿಸಿಕೊಳ್ಳಬೇಕೆಂದು ಯಾವ ವೈದ್ಯಗ್ರಂಥವೂ ಹೇಳುವುದಿಲ್ಲ. ಕಣ್ಣು ಅವಳದು, ಬಯಕೆಯೂ ಅವಳದೇ ಆಗಿದ್ದರೆ ಮಾತ್ರ ಈ ವಿಚಾರ ಮುಂದುವರಿಯತಕ್ಕದ್ದು.

ಅವಳು ಒಪ್ಪಿ ಚಿಕಿತ್ಸೆ ಮಾಡಿಸಿಕೊಂಡಳೆಂದೇ ಇಟ್ಟುಕೊಳ್ಳಬಹುದು. ಆಗ ಬದಲಾದುದು ಕಣ್ಣಿನ ಮುಂಬಾಗಿಲು ಮಾತ್ರ. ಮನೆಯ ಉದ್ದ ಮೊದಲಿದ್ದಷ್ಟೇ ಇರುತ್ತದೆ. ಸೇನೆಗೆ ಸೇರಬಯಸುವವರ ವೈದ್ಯಕೀಯ ನಿಯಮಗಳು ಇದನ್ನು ಚೆನ್ನಾಗಿ ಅರಿತಿವೆ. ವಾಯುಸೇನೆಯಲ್ಲಿ 20 ವರ್ಷಕ್ಕೆ ಮೊದಲು ಮಾಡಿಸಿಕೊಂಡ ಲೇಸರ್ ಚಿಕಿತ್ಸೆಯನ್ನು ಒಪ್ಪುವುದಿಲ್ಲ. ಅನಂತರ ಮಾಡಿಸಿದವರ ದೃಷ್ಟಿ ಎಷ್ಟೇ ನಿಚ್ಚಳವಾಗಿದ್ದರೂ ಗುಡ್ಡೆಯ ಉದ್ದವನ್ನು ಅಳೆದು, ಅಕ್ಷಿಪಟಲವನ್ನು ಪರೀಕ್ಷಿಸುತ್ತಾರೆ. ಉದ್ದವಾದ ಗುಡ್ಡೆಯೊಳಗೆ ಹಿಗ್ಗಿ ತೆಳುವಾದ ಅಕ್ಷಿಪಟಲ ಹರಿಯುವ, ಗೋಡೆಯಿಂದ ಬಿಟ್ಟುಕೊಳ್ಳುವ ಸಂಭವ ಹೆಚ್ಚು. ಕಣ್ಣಿನೊಳಗೆ ಇದ್ದಕ್ಕಿದ್ದಂತೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳ ಮಳೆ ಸುರಿದಂತೆ ಕಂಡರೆ, ಒಂದು ಬದಿಯಿಂದ ತೆರೆ ಎಳೆದಂತಾದರೆ, ಕನ್ನಡಕ ಬಿಟ್ಟವರೂ ಬಿಡದವರೂ ಆ ದಿನವೇ ನೇತ್ರವೈದ್ಯರನ್ನು ಕಾಣಬೇಕು. ಅಂಥ ಲಕ್ಷಣವಿಲ್ಲದಿದ್ದರೂ ಹೆಚ್ಚಿನ ಶಕ್ತಿಯವರು ವರ್ಷಕ್ಕೊಮ್ಮೆ ಹನಿಮದ್ದು ಹಾಕಿಸಿಕೊಂಡು, ಪಾಪೆ ಹಿಗ್ಗಿಸಿ, ಒಳಗಿನ ಪಟಲವನ್ನು ತೋರಿಸಿಕೊಳ್ಳುವುದು ಲೇಸು. ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನೇತ್ರ ವಿಭಾಗವಿದೆ. ಹನಿ ಹಾಕಿದ ಮೇಲೆ ಕೆಲವು ಗಂಟೆಗಳ ಕಾಲ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಅಕ್ಷರ ಕೂಡುವುದಿಲ್ಲ. ಕೊತ್ತತ್ತಿಯ ಬಸ್ಸಿನ ಹಲಗೆ ಓದಿ ಹತ್ತಿಸಲು ಮನೆಯವರೊಬ್ಬರು ಜೊತೆಗಿದ್ದರೆ ಅನುಕೂಲ.