ಮರದ ಅಪ್ಪ, ಮರದ ಮಗ

ಸೂತ್ರದ ಗೊಂಬೆ ಆಟ ನಾವು ನೋಡಿದ್ದೇವೆ. ನೋಡದಿದ್ದರೂ ಹಿರಿಯರ ಬಾಯಲ್ಲಿ ಕೇಳಿದ್ದೇವೆ. ಯುದ್ಧದ ಕಾಲದಲ್ಲಿ ಗೊಂಬೆ ಆಡಿಸಿ ಜನಕ್ಕೆ ಧೈರ್ಯ ಕೊಟ್ಟವರ ಕಥೆ ಗೊತ್ತಾ, ಅಕ್ಕಾ? ಬನ್ನಿ, ಓದೋಣ.

ಯುರೋಪಿನಲ್ಲಿ ಚೆಕ್ ಜನರ ನಾಡು ಇದೆ. ಅವರ ಮಾತು ಚೆಕ್. ಬಹಳ ಕಾಲ ಆಸ್ಟ್ರಿಯದ ದೊರೆಗಳು ಆ ನಾಡನ್ನು ಆಳಿದರು. ಕಚೇರಿಯಲ್ಲಿ ಜರ್ಮನ್ ಮಾತಿನದೇ ಜೋರು. ಆದರೆ ಊರೂರು ತಿರುಗುವ ಗೊಂಬೆ ಆಟದವರು ಜನರ ಮಾತಿನಲ್ಲೇ ಆಟ ಆಡಿದರು. ಹಾಗಾಗಿ ಅಲ್ಲಿನವರಿಗೆ ಗೊಂಬೆ ಅಂದರೆ ಬರೀ ಆಟಿಕೆ ಅಲ್ಲ.

ಪಿಲ್ಸೆನ್ ಊರಲ್ಲಿ ಯೋಸೆಫ್ ಸ್ಕೂಪಾ ಅಂತ ಒಬ್ಬ ಮೇಷ್ಟ್ರು ಇದ್ದರು. ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದರು. ಅವರು 1920ರಲ್ಲಿ ಒಂದು ಅಪ್ಪ ಗೊಂಬೆ ಮಾಡಿಸಿದರು. ಹೆಸರು ಸ್ಪೇಬ್ಲ್. ಬೋಳು ತಲೆ, ದೊಡ್ಡ ಕಿವಿ, ಕರಿ ಕೋಟು, ಕಾಲಿಗೆ ಮರದ ಮೆಟ್ಟು. 1926ರಲ್ಲಿ ಮಗ ಬಂದ. ಅವನ ಹೆಸರು ಹುರ್ವಿನೆಕ್. ಹೆಸರು ನಾಲಿಗೆಗೆ ಕಷ್ಟವೇ. ಬಿಡಿಸಿ ಬಿಡಿಸಿ ಓದಿ: ಹು-ರ್ವಿ-ನೆ-ಕ್.

ಅಪ್ಪನಿಗೆ ಎಲ್ಲಾ ಗೊತ್ತು ಅನ್ನೋ ಜಂಬ. ಮಗ ಕಣ್ಣು ಹೊರಳಿಸುತ್ತಾ "ಯಾಕೆ?" ಅಂತ ಕೇಳುತ್ತಾನೆ. ಅಪ್ಪ ತಬ್ಬಿಬ್ಬು! ದಪ್ಪ ದನಿ, ಸಣ್ಣ ದನಿ, ಎರಡೂ ಸ್ಕೂಪಾ ಅವರದೇ. ಗೊಂಬೆ ಆಡಿಸಲು ಹೆಂಡತಿಯೂ ಜೊತೆಗಿದ್ದರು.

1939ರ ಮಾರ್ಚಿನಲ್ಲಿ ಹಿಟ್ಲರನ ಸೈನ್ಯ ಆ ನಾಡಿಗೆ ನುಗ್ಗಿತು. ಪತ್ರಿಕೆ, ರೇಡಿಯೋ ಎಲ್ಲಾ ಅವರ ಕೈಯಲ್ಲಿ. ನವೆಂಬರಿನಲ್ಲಿ ಚೆಕ್ ಕಾಲೇಜುಗಳಿಗೂ ಬೀಗ ಬಿತ್ತು. ಎದುರು ಮಾತಾಡಿದರೆ ಜೈಲು. ಜೀವ ಹೋದವರೂ ಉಂಟು.

ಆಗ ಈ ಅಪ್ಪ ಮಗ ಊರೂರು ತಿರುಗಿದರು. ಹಿಟ್ಲರನ ಹೆಸರು ಎತ್ತಲಿಲ್ಲ. ಬೇಕಾಗಿಯೂ ಇರಲಿಲ್ಲ. ಮಾತಿಗೆ ಎರಡು ಅರ್ಥ ಇರುತ್ತಿತ್ತು. ಮಕ್ಕಳು ಗೊಂಬೆಯ ಪೇಚಾಟ ನೋಡಿ ನಗುತ್ತಿದ್ದರು. ಪಕ್ಕದಲ್ಲಿ ಕೂತ ತಾಯಂದಿರು ನಕ್ಕಿದ್ದು ಬೇರೆ ಕಾರಣಕ್ಕೆ. ಬೇರೆ ಗೊಂಬೆ ಆಟದವರು ಮನೆಗಳಲ್ಲಿ, ನೆಲಮಾಳಿಗೆಗಳಲ್ಲಿ ಗುಟ್ಟಾಗಿ ಆಡಿದರು. ನೂರಾರು ಜನ ಒಟ್ಟಿಗೆ ಕೂತು ತಮ್ಮ ಮಾತಿನಲ್ಲೇ ನಗುವುದು ಅಂದರೆ ಆಗ ಸಣ್ಣ ವಿಷಯ ಅಲ್ಲ.

1944ರ ಜನವರಿಯಲ್ಲಿ ಸ್ಕೂಪಾ ಅವರನ್ನು ಹಿಡಿದರು. ಆಟ ನಿಂತಿತು. ಅವರನ್ನು ಜರ್ಮನಿಯ ಡ್ರೆಸ್ಡೆನ್ ಊರಿನ ಜೈಲಿಗೆ ಹಾಕಿದರು. 1945ರ ಫೆಬ್ರವರಿಯಲ್ಲಿ ಇಂಗ್ಲೆಂಡ್, ಅಮೆರಿಕದ ವಿಮಾನಗಳು ಆ ಊರಿನ ಮೇಲೆ ಬಾಂಬು ಸುರಿದವು. ಸುಮಾರು 25,000 ಜನ ಸತ್ತರು. ಜೈಲಿಗೂ ಬೆಂಕಿ ಬಿತ್ತು. ಆ ಗಲಾಟೆಯಲ್ಲಿ ಸ್ಕೂಪಾ ತಪ್ಪಿಸಿಕೊಂಡು ಊರು ಸೇರಿದರು.

ಮೇ ತಿಂಗಳಲ್ಲಿ ಯುರೋಪಿನ ಯುದ್ಧ ಮುಗಿಯಿತು. ಅದೇ ವರ್ಷ ಪ್ರಾಗ್ ಪಟ್ಟಣದಲ್ಲಿ ಅವರ ಗೊಂಬೆ ಮನೆ ಶುರುವಾಯಿತು. 1957ರಲ್ಲಿ ಮೇಷ್ಟ್ರು ತೀರಿಕೊಂಡರು. ಅಪ್ಪ ಮಗ ಇನ್ನೂ ಅಲ್ಲಿ ಜಗಳ ಆಡುತ್ತಲೇ ಇದ್ದಾರೆ.

ಬರೆಯೋಣ: ಹುರ್ವಿನೆಕ್ ನಮ್ಮ ಊರಿಗೆ ಬಂದರೆ ಯಾರನ್ನು, ಏನು ಕೇಳುತ್ತಾನೆ? ಒಂದು ಸಾಲು ಬರೆಯಿರಿ. "ಯಾಕೆ" ಅಂತ ಶುರು ಮಾಡಿ.